ಮಳೆಗಾಳಿಯಲ್ಲಿ ಸಾವಿರ ಗಜದ ಗುರಿ: ರೈಫಲ್ ಸ್ಪರ್ಧೆಗೆ ಇಳಿಯುವುದು ಹೇಗೆ?

ಇಂಗ್ಲೆಂಡಿನ ಸರ್ರೆ ಕೌಂಟಿಯಲ್ಲಿ ಬಿಸ್ಲಿ ಎಂಬ ಊರಿದೆ. ಪ್ರತಿ ಜುಲೈನಲ್ಲಿ ಅಲ್ಲಿ ರೈಫಲ್ ಸ್ಪರ್ಧೆಗಳ ದೊಡ್ಡ ಕೂಟ ನಡೆಯುತ್ತದೆ. ಇದು ಶುರುವಾಗಿದ್ದು 1860ರಲ್ಲಿ, ವಿಂಬಲ್ಡನ್‌ನಲ್ಲಿ. ಮೊದಲ ಗುಂಡು ಹಾರಿಸಿದವರು ವಿಕ್ಟೋರಿಯಾ ರಾಣಿ. 1890ರಲ್ಲಿ ಕೂಟ ಬಿಸ್ಲಿಗೆ ಬಂತು. ಅದರ ಮುಖ್ಯ ಸ್ಪರ್ಧೆಯ ಹೆಸರು ಈಗ ಕಿಂಗ್ಸ್ ಪ್ರೈಜ್, ರಾಣಿ ಇದ್ದಾಗ ಕ್ವೀನ್ಸ್ ಪ್ರೈಜ್. ಕೊನೆಯ ಸುತ್ತಿಗೆ ಉಳಿಯುವವರು 100 ಜನ. ಸ್ಟಿಕಲ್‌ಡೌನ್ ಎಂಬ ಮೈದಾನದಲ್ಲಿ ಅವರು ನೆಲದ ಮೇಲೆ ಮಲಗಿ 900 ಗಜದಿಂದ 15, 1000 ಗಜದಿಂದ 15 ಗುಂಡು ಹೊಡೆಯಬೇಕು. ಸಾವಿರ ಗಜ ಅಂದರೆ 914 ಮೀಟರ್. ರೈಫಲ್ ಮೇಲೆ ದುರ್ಬೀನು ಇರುವುದಿಲ್ಲ. ಹಿಂದೊಂದು ಸಣ್ಣ ತೂತು, ಮುಂದೊಂದು ಉಂಗುರ, ಅಷ್ಟರಲ್ಲೇ ಗುರಿ ನೋಡಬೇಕು.

ಜುಲೈ ಅಂದರೆ ಅಲ್ಲಿ ಬೇಸಿಗೆ. ಆದರೂ ಒಂದೇ ಮಧ್ಯಾಹ್ನದಲ್ಲಿ ಬಿಸಿಲು, ಜಡಿಮಳೆ, ಸುಯ್ಯನೆ ಬೀಸುವ ಗಾಳಿ ಮೂರೂ ಬರಬಹುದು. ಬರೀ ಮಳೆ ಬಂತು ಅಂತ ಸ್ಪರ್ಧೆ ನಿಲ್ಲಿಸುವುದಿಲ್ಲ. ಇಂಥ ದಿನ ಗೆಲ್ಲುವವರನ್ನು ನೋಡಿದರೆ ಒಂದು ವಿಷಯ ಗೊತ್ತಾಗುತ್ತದೆ. ಅವರು ನೀರಿನ ಚಿಂತೆಯನ್ನು ಹಿಂದಿನ ರಾತ್ರಿಯೇ ಮುಗಿಸಿರುತ್ತಾರೆ. ಮೈದಾನದಲ್ಲಿ ಅವರ ತಲೆಯಲ್ಲಿ ಇರುವುದು ಗಾಳಿ ಮಾತ್ರ. ಈ ಲೇಖನವನ್ನೂ ಅದೇ ಕ್ರಮದಲ್ಲಿ ಬರೆದಿದ್ದೇನೆ.

ಮೊದಲು ಸ್ವಲ್ಪ ಲೆಕ್ಕ

ಗುರಿ ನೋಡುವ ಆ ಹಿಂದಿನ ತೂತಿನ ಸಾಧನಕ್ಕೆ ಸೈಟ್ ಅನ್ನುತ್ತಾರೆ. ಅದನ್ನು ತಿರುಗಿಸುವ ಅಳತೆಗೆ ಮಿನಿಟ್ ಅನ್ನುತ್ತಾರೆ. ಗಡಿಯಾರದ ಮಿನಿಟ್ ಬೇರೆ, ಇದು ಬೇರೆ. ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ. 100 ಗಜ ದೂರದಲ್ಲಿ ಒಂದು ಮಿನಿಟ್ ಸುಮಾರು 1 ಇಂಚು, 1000 ಗಜದಲ್ಲಿ ಸುಮಾರು 10 ಇಂಚು. ಸೈಟಿನ ಒಂದು ಕ್ಲಿಕ್ ಸಾಮಾನ್ಯವಾಗಿ ಕಾಲು ಮಿನಿಟ್.

ಈ ಸ್ಪರ್ಧೆಗಳಲ್ಲಿ ಹೆಚ್ಚಾಗಿ ಬಳಸುವುದು 7.62 ಮಿ.ಮೀ. ರೈಫಲ್, 155 ಗ್ರೇನ್ (ಸುಮಾರು 10 ಗ್ರಾಂ) ತೂಕದ ಗುಂಡು. ಸಾವಿರ ಗಜ ದಾಟಲು ಆ ಗುಂಡಿಗೆ ಒಂದೂವರೆ ಸೆಕೆಂಡಿನ ಮೇಲೆ ಬೇಕು. ಅಷ್ಟು ಹೊತ್ತೂ ಗಾಳಿ ಅದನ್ನು ಪಕ್ಕಕ್ಕೆ ತಳ್ಳುತ್ತಿರುತ್ತದೆ. ನೇರ ಅಡ್ಡಗಾಳಿ ಗಂಟೆಗೆ 10 ಮೈಲಿ ವೇಗದಲ್ಲಿದ್ದರೆ ಗುಂಡು ಸುಮಾರು 9 ಮಿನಿಟ್ ಸರಿಯುತ್ತದೆ. ಅಂದರೆ ಏಳು ಅಡಿಗೂ ಜಾಸ್ತಿ! ಹಾಗಾಗಿ ಒಂದು ಸುಲಭ ಲೆಕ್ಕ ಬಾಯಿಪಾಠ ಇರಲಿ: ಸಾವಿರ ಗಜದಲ್ಲಿ ಒಂದು ಮೈಲಿ ಗಾಳಿಗೆ ಹೆಚ್ಚುಕಡಿಮೆ ಒಂದು ಮಿನಿಟ್. ಎರಡು ಮೈಲಿಯ ವ್ಯತ್ಯಾಸ ನಿಮ್ಮ ಕಣ್ಣಿಗೆ ಬೀಳದೆ ಹೋದರೆ ಗುಂಡು ಒಂದೂವರೆ ಅಡಿ ಆಚೆ ಬೀಳುತ್ತದೆ.

ಹಿಂದಿನ ರಾತ್ರಿ

ಎಲ್ಲಕ್ಕಿಂತ ಮೊದಲು ತೋಟಾಗಳ ಕಡೆ ನೋಡಿ. ಒದ್ದೆ ತೋಟಾ ದೂರದ ಗುರಿಗೆ ದೊಡ್ಡ ಶತ್ರು. ಗುಂಡು ಸಿಡಿದಾಗ ತೋಟಾದ ಹಿತ್ತಾಳೆಯ ಕೋಶ ಉಬ್ಬಿ, ಅದು ಕೂತಿರುವ ಗೂಡಿನ ಗೋಡೆಯನ್ನು ಕಚ್ಚಿ ಹಿಡಿಯಬೇಕು. ನಡುವೆ ನೀರಿನ ಪೊರೆ ಇದ್ದರೆ ಆ ಹಿಡಿತ ಜಾರುತ್ತದೆ. ಹೊಡೆತದ ಭಾರವೆಲ್ಲ ಗೂಡನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನ ಮೇಲೆ ಬೀಳುತ್ತದೆ. ರೈಫಲ್‌ಗೆ ಅದು ಒಳ್ಳೆಯದಲ್ಲ. ಗುಂಡು ಬೀಳುವ ಎತ್ತರವೂ ಕೆಡುತ್ತದೆ. ಗೂಡಿನಲ್ಲಿ ಎಣ್ಣೆ ಉಳಿದಿದ್ದರೂ ಇದೇ ಕಥೆ. ಆದ್ದರಿಂದ ನಳಿಕೆಯನ್ನೂ ಗೂಡನ್ನೂ ಒಣಬಟ್ಟೆಯಿಂದ ಪೂರ್ತಿ ಒರೆಸಿ. ಬೋಲ್ಟಿನ ಹಲ್ಲುಗಳಿಗೆ ಮಾತ್ರ ಒಂದು ಚೂರು ಗ್ರೀಸ್ ಸಾಕು.

ತೋಟಾಗಳನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ. ಸ್ಪರ್ಧೆಗೆ ಬೇಕಾದಷ್ಟು, ಮೇಲೆ ನಾಲ್ಕೈದು. ಡಬ್ಬಿಯ ಮುಚ್ಚಳ ನಿಮ್ಮ ಕಡೆಗೆ ತೆರೆಯದೆ ಗಾಳಿಯ ಕಡೆಗೆ ಬೆನ್ನು ಹಾಕಿ ನಿಲ್ಲುವಂತಿದ್ದರೆ ಹನಿ ಒಳಗೆ ಬೀಳುವುದಿಲ್ಲ. ಕೇಳಲು ಸಣ್ಣ ವಿಷಯ, ಆದರೆ ಇದನ್ನು ಮನೆಯಲ್ಲೇ ತೆರೆದು ಮುಚ್ಚಿ ನೋಡಿ ಬನ್ನಿ.

ಚೀಲಕ್ಕೆ ಹಾಕಬೇಕಾದ್ದು: ನೆಲಕ್ಕೆ ಹಾಸಲು ಟಾರ್ಪಾಲು, ಮೇಲೆ ನಿಮ್ಮ ಚಾಪೆ, ರೈಫಲ್ ಮೇಲೆ ಹೊದಿಸಲು ಒಂದು ತುಂಡು ರೈನ್‌ಕೋಟ್ ಬಟ್ಟೆ, ಮೂರು ಸಣ್ಣ ಟವೆಲ್. ಒಂದು ಕೈಗೆ, ಒಂದು ತೋಟಾಗಳಿಗೆ, ಒಂದು ಕನ್ನಡಕಕ್ಕೆ. ಮೂರನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಳ್ಳಿ. ಗುರಿ ನೋಡುವ ತೂತಿನಲ್ಲಿ ಹನಿ ನಿಂತರೆ ಊದಿ ತೆಗೆಯಲು ಒಂದು ರಬ್ಬರ್ ಬಲ್ಬ್ ಇರಲಿ, ಕ್ಯಾಮೆರಾದವರು ಬಳಸುವಂಥದ್ದು. ಬಾಯಿಂದ ಊದಿದರೆ ಉಸಿರಿನ ಹಬೆ ಕೂರುತ್ತದೆ. ಅಗಲ ಅಂಚಿನ ಟೋಪಿ ಬೇಕು. ಬರೆಯಲು ಪೆನ್ ಬೇಡ, ಪೆನ್ಸಿಲ್ ತನ್ನಿ. ನೋಟ್ ಹಾಳೆಗೆ ಪ್ಲಾಸ್ಟಿಕ್ ಹೊದಿಕೆ ಹಾಕಿ.

ರೈಫಲನ್ನು ತೋಳಿಗೆ ಬಿಗಿಯುವ ಪಟ್ಟಿ ಚರ್ಮದ್ದಾದರೆ ಗಮನ ಇರಲಿ. ನೆನೆದ ಚರ್ಮ ಹಿಗ್ಗುತ್ತದೆ. ನಾಲ್ಕನೇ ಗುಂಡಿಗೆ ಬಿಗಿಯಾಗಿದ್ದ ಪಟ್ಟಿ ಹತ್ತನೇ ಗುಂಡಿಗೆ ಸಡಿಲವಾಗಿರುತ್ತದೆ, ರೈಫಲ್ ನಿಧಾನಕ್ಕೆ ಕೆಳಗೆ ಇಳಿಯುತ್ತದೆ. ಮಳೆಯ ದಿನಕ್ಕೆ ನೂಲಿನ ಅಥವಾ ಸಿಂಥೆಟಿಕ್ ಪಟ್ಟಿಯೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಮೈದಾನಕ್ಕೆ ಬಂದ ಮೇಲೆ

ರೈಫಲನ್ನು ಮಳೆಯಲ್ಲಿ ಬಾಯಿ ಮೇಲೆ ಮಾಡಿ ಹೊರಬೇಡಿ. ನಳಿಕೆಯೊಳಗೆ ನೀರು ಇಳಿಯುತ್ತದೆ. ಚೀಲದಿಂದ ತೆಗೆಯುವುದು ನಿಮ್ಮ ಜಾಗಕ್ಕೆ ಬಂದ ಮೇಲೆಯೇ. ಮೊದಲ ತೋಟಾ ಹಾಕುವ ಮುನ್ನ ಬೋಲ್ಟ್ ತೆಗೆದು ನಳಿಕೆಯಲ್ಲಿ ಇಣುಕಿ ನೋಡಿ. ನೀರು, ಕೆಸರು, ಒರೆಸಿದ ಬಟ್ಟೆಯ ಚೂರು ಏನಿದ್ದರೂ ಅಪಾಯ. ನಳಿಕೆ ಉಬ್ಬಬಹುದು, ಒಡೆಯಲೂಬಹುದು. ಎಷ್ಟೇ ಅವಸರ ಇದ್ದರೂ ಈ ಒಂದು ನೋಟವನ್ನು ಬಿಡಬಾರದು.

ಟಾರ್ಪಾಲು ಹಾಸುವಾಗ ಮೊಣಕೈ ಊರುವ ಜಾಗವನ್ನು ಕೈಯಿಂದ ಒತ್ತಿ ನೋಡಿ. ಮೆತ್ತಗಿನ ಕೆಸರಿದ್ದರೆ ಹೊಡೆದಂತೆ ಹೊಡೆದಂತೆ ಮೊಣಕೈ ಹುದುಗುತ್ತದೆ. ಅರ್ಧ ಅಡಿ ಆಚೆಗೆ ಸರಿದು ಗಟ್ಟಿ ನೆಲ ಹುಡುಕಿ.

ಮೋಡ ಕವಿದಾಗ ಮುಂದಿನ ಉಂಗುರದೊಳಗಿನ ಕಪ್ಪು ಗುರಿ ಮಸುಕಾಗುತ್ತದೆ. ಒಂದು ಅಳತೆ ದೊಡ್ಡ ಉಂಗುರ ಹಾಕಿಕೊಳ್ಳಿ. ಸುತ್ತ ಬಿಳಿ ಜಾಸ್ತಿ ಕಂಡಷ್ಟು ಕಣ್ಣಿಗೆ ನೆಮ್ಮದಿ. ಚಳಿಯ ಲೆಕ್ಕವೂ ಇದೆ. ಅಭ್ಯಾಸ ಮಾಡಿದ ದಿನಕ್ಕಿಂತ ಇವತ್ತು 10 ಡಿಗ್ರಿ ತಣ್ಣಗಿದ್ದರೆ ಗಾಳಿ ದಟ್ಟವಾಗಿರುತ್ತದೆ, ಮದ್ದೂ ಸ್ವಲ್ಪ ನಿಧಾನವಾಗಿ ಉರಿಯುತ್ತದೆ. ಸಾವಿರ ಗಜದಲ್ಲಿ ಗುಂಡು ಅರ್ಧದಿಂದ ಒಂದು ಮಿನಿಟ್ ಕೆಳಗೆ ಬೀಳಬಹುದು. ಮಳೆಹನಿ ಗುಂಡಿಗೆ ತಾಗಿ ದಾರಿ ತಪ್ಪಿಸುತ್ತದೆ ಅಂತ ಹೊಸಬರು ಹೆದರುತ್ತಾರೆ. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಗಾಳಿ ಓದುವುದು

ಈಗ ನಿಜವಾದ ಕೆಲಸ. ಚಾಪೆ ಮೇಲೆ ಮಲಗುವ ಮುನ್ನ ಕನಿಷ್ಠ ಹತ್ತು ನಿಮಿಷ ಸುಮ್ನೆ ನಿಂತು ಮೈದಾನದುದ್ದಕ್ಕೂ ನೆಟ್ಟ ಬಾವುಟಗಳನ್ನು ನೋಡಿ. ಬಿಸಿಲಿನ ದಿನವಾದರೆ ಪಕ್ಕದಲ್ಲಿಟ್ಟ ದುರ್ಬೀನಿನಲ್ಲಿ ನೆಲದ ಕಾವಿನ ಅಲೆ ಕಾಣುತ್ತದೆ, ಅದು ಹರಿಯುವ ದಿಕ್ಕು ನೋಡಿ ಗಾಳಿ ಅಳೆಯಬಹುದು. ಮಳೆಯಲ್ಲಿ ನೆಲ ತಣ್ಣಗಾಗಿ ಆ ಅಲೆ ಮಾಯವಾಗುತ್ತದೆ. ಉಳಿಯುವುದು ಬಾವುಟ, ಮರದ ಕೊಂಬೆ, ಹುಲ್ಲು, ಮಳೆಯ ಓರೆ ಗೆರೆ. ಮಳೆ ಬೀಳುವ ಓರೆ ಒಳ್ಳೆಯ ಸಾಕ್ಷಿ. ದೂರದಲ್ಲಿ ಅದು ಎತ್ತ ವಾಲುತ್ತಿದೆ ಅಂತ ಗುರಿಯ ಹಿಂದಿನ ಕಪ್ಪು ಹಿನ್ನೆಲೆಯಲ್ಲಿ ನೋಡಿ.

ಬಾವುಟದ ಬಗ್ಗೆ ಒಂದು ಹಳೆಯ ಲೆಕ್ಕ ಇದೆ. ಕಂಬಕ್ಕೂ ಬಾವುಟಕ್ಕೂ ನಡುವಿನ ಕೋನವನ್ನು 4ರಿಂದ ಭಾಗಿಸಿ. 40 ಡಿಗ್ರಿ ಎದ್ದಿದ್ದರೆ ಗಂಟೆಗೆ 10 ಮೈಲಿ. ಆದರೆ ಇದು ಒಣ ಬಾವುಟದ ಲೆಕ್ಕ. ನೆನೆದ ಬಾವುಟ ತಂತಿಯ ಮೇಲಿನ ಒದ್ದೆ ಪಂಚೆಯ ಹಾಗೆ ಭಾರ ಆಗಿರುತ್ತದೆ. ಅದು ತೋರಿಸುವುದಕ್ಕಿಂತ ಗಾಳಿ ಜೋರಾಗಿರುತ್ತದೆ. ಮಳೆಯ ದಿನ ಹೊಸಬರು ಪಾಯಿಂಟ್ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ. ಮಳೆಗೆ ಮುಂಚೆ ಒಂದು ಸಲ, ಬಾವುಟ ಪೂರ್ತಿ ನೆನೆದ ಮೇಲೆ ಇನ್ನೊಂದು ಸಲ, ಮುಖಕ್ಕೆ ಬಡಿಯುವ ಗಾಳಿಯನ್ನೂ ಬಾವುಟವನ್ನೂ ಹೋಲಿಸಿ ನೋಡಿಕೊಂಡರೆ ಎಷ್ಟು ಸೇರಿಸಬೇಕು ಅನ್ನುವ ಅಂದಾಜು ಸಿಗುತ್ತದೆ.

ಗಾಳಿ ಬರುವ ದಿಕ್ಕಿಗೂ ಬೆಲೆ ಕಟ್ಟಬೇಕು. ಗುರಿಯನ್ನು ಗಡಿಯಾರದ 12 ಅಂದುಕೊಳ್ಳಿ. 3 ಅಥವಾ 9ರಿಂದ ಬಂದರೆ ಪೂರ್ತಿ ಲೆಕ್ಕ. ಒಂದೂವರೆ ಗಂಟೆ ದಿಕ್ಕಿನಿಂದ ಬಂದರೆ ನೂರಕ್ಕೆ 70. 1 ಗಂಟೆ ದಿಕ್ಕಿನಿಂದ ಬಂದರೆ ಅರ್ಧ. ಹಾಗಾದರೆ 12ರಿಂದ ನೇರ ಎದುರು ಬಂದರೆ ಏನೂ ಇಲ್ಲ, ಅಲ್ವಾ? ಕಾಗದದ ಮೇಲೆ ಹೌದು. ಮೈದಾನದಲ್ಲಿ ಅತಿ ಕಷ್ಟದ ಗಾಳಿ ಇದೇ. ಅದು 11ಕ್ಕೂ 1ಕ್ಕೂ ನಡುವೆ ಬಾಲ ಅಲ್ಲಾಡಿಸುತ್ತಲೇ ಇರುತ್ತದೆ. 12 ಮೈಲಿ ಗಾಳಿ 11ರಿಂದ 1ಕ್ಕೆ ತಿರುಗಿತು ಅಂದರೆ ಸೈಟಿನಲ್ಲಿ ಎಡಕ್ಕೆ 5-6 ಮಿನಿಟ್ ಹಾಕಬೇಕಿದ್ದದ್ದು ಬಲಕ್ಕೆ ಅಷ್ಟೇ ಆಗುತ್ತದೆ. ವೇಗ ಒಂದು ಚೂರೂ ಬದಲಾಗಿರುವುದಿಲ್ಲ. ಇಂಥ ಗಾಳಿಯಲ್ಲಿ ಬಾವುಟ ಎಷ್ಟು ಎದ್ದಿದೆ ಎಂಬುದನ್ನು ಬಿಡಿ. ಅದು ಕಂಬದ ಯಾವ ಪಕ್ಕದಲ್ಲಿದೆ ಎಂಬುದನ್ನೇ ನೋಡಿ.

ಯಾವ ಬಾವುಟ ಮುಖ್ಯ? ಹತ್ತಿರದ ಗಾಳಿ ಗುಂಡಿನ ದಾರಿಯನ್ನು ಮೊದಲೇ ತಿರುಗಿಸಿಬಿಡುತ್ತದೆ, ಮುಂದಿನ ದೂರವೆಲ್ಲ ಆ ತಪ್ಪು ಬೆಳೆಯುತ್ತಾ ಹೋಗುತ್ತದೆ. ನಡುದಾರಿಯಲ್ಲಿ ಗುಂಡು ಸುಮಾರು ಎರಡಾಳು ಎತ್ತರದಲ್ಲಿ ಹೋಗುತ್ತಿರುತ್ತದೆ, ಅಲ್ಲಿ ಗಾಳಿ ನೆಲದ ಮೇಲಿಗಿಂತ ಜೋರು. ಹಾಗಾಗಿ ಮೊದಲ ಅರ್ಧ ದೂರದ ಬಾವುಟಗಳಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಗುರಿಯ ಪಕ್ಕದ ಬಾವುಟ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ ಅಂತ ಅದನ್ನೇ ನೆಚ್ಚಿಕೊಳ್ಳಬೇಡಿ.

ಹತ್ತು ನಿಮಿಷ ನೋಡಿದ ಮೇಲೆ ಒಂದು ಚೌಕಟ್ಟು ಹಾಕಿಕೊಳ್ಳಿ. ಗಾಳಿ ತೀರಾ ಬಿದ್ದಾಗ ಎಡಕ್ಕೆ 6 ಮಿನಿಟ್, ತೀರಾ ಎದ್ದಾಗ 11 ಅಂತಿಟ್ಟುಕೊಳ್ಳಿ. ಹೆಚ್ಚಿನ ಹೊತ್ತು 8ರ ಆಸುಪಾಸು. ಈ ಮೂರು ಸಂಖ್ಯೆಗಳನ್ನು ಹಾಳೆಯ ಮೇಲ್ಗಡೆ ದಪ್ಪಗೆ ಬರೆಯಿರಿ. ಸ್ಪರ್ಧೆಯ ನಡುವೆ ಗಾಬರಿಯಾಗಿ 14 ಹಾಕಲು ಕೈ ಹೋದಾಗ ಈ ಬರಹ ತಡೆಯುತ್ತದೆ. ಒಂದು ಎಚ್ಚರಿಕೆ ಮಾತ್ರ: ಕಪ್ಪು ಮೋಡದ ಅಂಚು ತಲೆ ಮೇಲೆ ಬರುವಾಗ ಗಾಳಿ ಒಮ್ಮೆಲೇ ಎದ್ದು ದಿಕ್ಕೂ ಬದಲಾಗುತ್ತದೆ. ಆಗ ಹಳೆ ಚೌಕಟ್ಟು ಕೆಲಸಕ್ಕೆ ಬಾರದು, ಹೊಸದು ಹಾಕಬೇಕು.

ಇನ್ನೊಂದು ಸೂಕ್ಷ್ಮ. ನಳಿಕೆಯ ಒಳಗಿನ ಸುರುಳಿ ಬಲಕ್ಕೆ ತಿರುಗಿದ್ದರೆ, ಬಲದಿಂದ ಬರುವ ಗಾಳಿ ಗುಂಡನ್ನು ಎಡಕ್ಕೆ ತಳ್ಳುವುದರ ಜೊತೆಗೆ ತುಸು ಮೇಲಕ್ಕೂ ಎತ್ತುತ್ತದೆ. ಎಡಗಾಳಿ ಬಲಕ್ಕೆ ತಳ್ಳಿ ತುಸು ಕೆಳಗಿಳಿಸುತ್ತದೆ. ಜೋರು ಗಾಳಿಯಲ್ಲಿ ಗುಂಡು 10 ಗಂಟೆ ಕಡೆಗೋ 4 ಗಂಟೆ ಕಡೆಗೋ ಓರೆಯಾಗಿ ಬಿದ್ದರೆ ಎತ್ತರದ ಸೈಟ್ ಮುಟ್ಟಲು ಹೋಗಬೇಡಿ. ಅದು ಗಾಳಿಯ ಕೆಲಸ.

ಗುಂಡು ಹೊಡೆಯುವಾಗ

ಮೊದಲು ಎರಡು ಪರೀಕ್ಷೆಯ ಗುಂಡು ಸಿಗುತ್ತವೆ. ಚೌಕಟ್ಟಿನ ನಡುವಿನ ಸಂಖ್ಯೆ ಹಾಕಿ ಹೊಡೆಯಿರಿ. ಗುಂಡು ಎಲ್ಲಿ ಬಿತ್ತು ಅನ್ನುವುದರಷ್ಟೇ ಮುಖ್ಯ ಟ್ರಿಗರ್ ಒತ್ತಿದ ಕ್ಷಣದಲ್ಲಿ ಬಾವುಟ ಹೇಗಿತ್ತು ಅನ್ನುವುದು. ಎರಡನ್ನೂ ಬರೆಯಿರಿ. ಆ ಬಾವುಟದ ಚಿತ್ರವೇ ಮುಂದಿನ ಎಲ್ಲ ಗುಂಡುಗಳಿಗೆ ಅಳತೆಗೋಲು.

ಬಿಸ್ಲಿಯಲ್ಲಿ ಒಂದು ಗುರಿಗೆ ಇಬ್ಬರೋ ಮೂವರೋ ಸರದಿಯಂತೆ ಹೊಡೆಯುತ್ತಾರೆ. ನಿಮ್ಮ ಸರದಿ ಬಂದ ಮೇಲೆ 45 ಸೆಕೆಂಡು ಸಮಯ. ಜೊತೆಗಾರರ ಅಂಕ ಬರೆಯುವ ಕೆಲಸವೂ ನಿಮ್ಮದೇ. ಅವರು ಹೊಡೆಯುವಾಗ ವಿಶ್ರಾಂತಿ ಅಂದುಕೊಳ್ಳಬೇಡಿ. ಅವರ ಗುಂಡು ಬಿದ್ದ ಜಾಗ ಎಲ್ಲರ ಕಣ್ಣ ಮುಂದೆಯೇ ಇರುತ್ತದೆ. ಒಳ್ಳೆಯ ಶೂಟರ್ ಇದ್ದಕ್ಕಿದ್ದಂತೆ ಬಲಕ್ಕೆ ಹೋದರೆ ಗಾಳಿ ಏನೋ ಮಾಡಿದೆ ಅಂತ ಅರ್ಥ.

ಆ 45 ಸೆಕೆಂಡನ್ನು ಹೀಗೆ ಹಂಚಿಕೊಳ್ಳಿ. ಬಟ್ಟೆ ಸರಿಸಿ, ತೋಟಾ ಒರೆಸಿ, ಒಳಗೆ ಹಾಕಿ, ಸೈಟ್ ತಿರುಗಿಸಿ, ಗುರಿಗೆ ಕಣ್ಣಿಡಿ. ಒತ್ತುವ ಮುನ್ನ ಇನ್ನೊಂದು ಕಣ್ಣಿನಲ್ಲಿ ಬಾವುಟವನ್ನು ಮತ್ತೆ ನೋಡಿ. ಬದಲಾಗಿದ್ದರೆ ರೈಫಲ್ ಇಳಿಸಿ ಕಾಯಿರಿ. ತೂತಿನಲ್ಲಿ ಹನಿ ಕಂಡರೂ ಇಳಿಸಿ. ಗಾಳಿ ವಾಪಸ್ ಬರಲಿಲ್ಲ, ಸಮಯ ಮುಗಿಯುತ್ತಿದೆ ಅಂದರೆ ಸೈಟನ್ನು ಬದಲಾಯಿಸಿ ಹೊಡೆಯಿರಿ, ಅಂದಾಜಿನಲ್ಲಿ ಪಕ್ಕಕ್ಕೆ ಗುರಿ ಹಿಡಿಯಬೇಡಿ. ಒಂದು ಗುಂಡು ಕೆಟ್ಟರೆ ಅದರ ಹಿಂದೆಯೇ ಪೂರ್ತಿ ತಿದ್ದುಪಡಿ ಮಾಡುವುದೂ ತಪ್ಪು. ಅಷ್ಟರಲ್ಲಿ ಗಾಳಿ ಮತ್ತೆ ಮೊದಲಿನಂತೆ ಆಗಿರಬಹುದು. ಮೊದಲು ಬಾವುಟ ನೋಡಿ, ಆಮೇಲೆ ಗುಂಡಿನ ಗುರುತು ನೋಡಿ.

ಇಂಥ ದಿನ ಎಲ್ಲರೂ ಪಾಯಿಂಟ್ ಕಳೆದುಕೊಳ್ಳುತ್ತಾರೆ. ಗುರಿಯ ನಡುವಿಗೆ ಸಿಗುವ ಐದರ ಬದಲು ನಾಲ್ಕು ಬಂದರೆ ಬೇಜಾರು ಬೇಡ, ಎರಡೋ ಮೂರೋ ಬರದಂತೆ ನೋಡಿಕೊಳ್ಳಿ. 1930ರಲ್ಲಿ ಮಾರ್ಜರಿ ಫಾಸ್ಟರ್ ಕಿಂಗ್ಸ್ ಪ್ರೈಜ್ ಗೆದ್ದ ಮೊದಲ ಮಹಿಳೆಯಾದರು. ಅಂತರ ಇದ್ದದ್ದು ಒಂದೇ ಪಾಯಿಂಟ್.

ಸಿಡಿಲು ಬಂದರೆ ಮಾತ್ರ ಚೌಕಾಸಿ ಇಲ್ಲ. ರೇಂಜ್ ಅಧಿಕಾರಿ ನಿಲ್ಲಿಸಿ ಅಂದ ಕೂಡಲೇ ತೋಟಾ ಹೊರತೆಗೆದು, ಬೋಲ್ಟ್ ತೆರೆದಿಟ್ಟು, ಅವರು ಹೇಳಿದ ಕಡೆ ಹೋಗಿ. ಕೈ ನಡುಗುವಷ್ಟು ಚಳಿಯಾಗಿದ್ದರೂ ಹೇಳಿಬಿಡಿ.

ನಮ್ಮಲ್ಲಿ ಅಭ್ಯಾಸ

ನಮ್ಮ ದೇಶದಲ್ಲೂ ಈ ಸ್ಪರ್ಧೆ ನಡೆದಿದೆ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕ್ವೀನ್ಸ್ ಪ್ರೈಜ್ ಹೆಸರಿನಲ್ಲೇ ದಪ್ಪ ಗುಂಡಿನ (ಫುಲ್‌ಬೋರ್) ರೈಫಲ್ ವಿಭಾಗ ಇತ್ತು. ಆದರೆ ನಮ್ಮ ಕ್ಲಬ್ಬುಗಳಲ್ಲಿ ಹೆಚ್ಚಾಗಿ ಸಿಗುವುದು 10, 25, 50 ಮೀಟರ್ ರೇಂಜ್. ಅದರಿಂದ ನಷ್ಟವೇನಿಲ್ಲ. ತೆರೆದ ಬಯಲಿನ 50 ಮೀಟರ್ ರೇಂಜಿನಲ್ಲಿ ಸಣ್ಣ ಗುಂಡಿನ .22 ರೈಫಲ್ ಹಿಡಿಯಿರಿ. ಅಲ್ಲಿ ಹತ್ತರ ವೃತ್ತ ಬರೀ 10.4 ಮಿ.ಮೀ. ಅಗಲ. ಸಣ್ಣ ಅಡ್ಡಗಾಳಿ ಸಾಕು, ಗುಂಡು ಅದರಿಂದ ಹೊರಗೆ ಹೋಗಲು. ಗಾಳಿ ಓದುವ ಪಾಠಕ್ಕೆ ಅದಕ್ಕಿಂತ ಅಗ್ಗದ ಶಾಲೆ ಇಲ್ಲ. ಕೊಡಗಿನಲ್ಲಿ ಕೈಲ್ ಮುಹೂರ್ತದ ಹೊತ್ತಿಗೆ, ಇನ್ನೂ ಮಳೆಗಾಲ ಇರುವಾಗಲೇ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ ಬೆಳೆದವರಿಗೆ ಒದ್ದೆ ಕೈಯಲ್ಲಿ ಬಂದೂಕು ಹಿಡಿಯುವುದು ಹೊಸದೇನಲ್ಲ. ಯಾವುದೇ ಆದರೂ ಕ್ಲಬ್ಬಿನ ಸದಸ್ಯತ್ವ, ಕಾನೂನಿನ ಪರವಾನಗಿ, ತರಬೇತುದಾರರ ಕಣ್ಗಾವಲು ಇದ್ದ ಮೇಲೆಯೇ ಶುರು ಮಾಡಿ.

ಮುಗಿದ ಮೇಲೆ

ಒದ್ದೆ ರೈಫಲನ್ನು ಚೀಲದಲ್ಲಿ ಮುಚ್ಚಿ ಮನೆಗೆ ತಂದು ಹಾಗೇ ಇಟ್ಟರೆ ಬೆಳಗಾಗುವಷ್ಟರಲ್ಲಿ ತುಕ್ಕು ಬಂದಿರುತ್ತದೆ. ನಳಿಕೆ ಒರೆಸಿ, ತೆಳುವಾಗಿ ಎಣ್ಣೆ ಹಚ್ಚಿ. ಮರದ ಹಿಡಿಯಿದ್ದರೆ ನೆರಳಲ್ಲಿ ಒಣಗಲಿ, ಹೀಟರ್ ಪಕ್ಕ ಬೇಡ. ಸೈಟಿನ ಸ್ಕ್ರೂಗಳ ಸಂದಿಯಲ್ಲಿ ನಿಂತ ನೀರನ್ನೂ ತೆಗೆಯಿರಿ. ಆಮೇಲೆ ಅದೇ ಸಂಜೆ ಹಾಳೆ ತೆರೆದು, ಪ್ರತಿ ಗುಂಡಿಗೂ ಎಷ್ಟು ಮಿನಿಟ್ ಹಾಕಿದ್ದಿರಿ, ನಿಜವಾಗಿ ಎಷ್ಟು ಹಾಕಬೇಕಿತ್ತು ಅಂತ ಪಕ್ಕದಲ್ಲಿ ಬರೆಯಿರಿ. ನೆನೆದ ಬಾವುಟ ಎಷ್ಟು ಮೈಲಿ ಕಡಿಮೆ ತೋರಿಸಿತು ಎಂಬ ಲೆಕ್ಕ ಅಲ್ಲಿಂದಲೇ ಸಿಗುತ್ತದೆ.