ಟ್ಯಾಬ್‌ನಲ್ಲೇ ಮೇಲ್ ಹದಕ್ಕೆ ತಂದಿದ್ದು: ನನ್ನ ಅನುಭವ

ಟ್ಯಾಬ್‌ನಲ್ಲಿ ಮೇಲ್ ಓದಬಹುದು ಅಷ್ಟೇ, ನಿಭಾಯಿಸೋಕೆ ಲ್ಯಾಪ್‌ಟಾಪೇ ಬೇಕು ಅಂತ ಗೆಳೆಯರು ಹೇಳುತ್ತಲೇ ಇದ್ದರು. ಈಗ ನನ್ನ ಜಿಮೇಲ್ ಇನ್‌ಬಾಕ್ಸ್ ಒಂದೇ ಪರದೆಯಲ್ಲಿ ಮುಗಿಯುತ್ತದೆ. ಎಲ್ಲಾ ಕೆಲಸ ಆಂಡ್ರಾಯ್ಡ್ ಟ್ಯಾಬ್‌ನಲ್ಲೇ ಆಗಿದ್ದು.

ಶುರು ಮಾಡಿದಾಗ ಓದದ ಮೇಲ್‌ಗಳೇ ಹತ್ತಿರ ಹತ್ತಿರ 14 ಸಾವಿರ ಇದ್ದವು. ಗೂಗಲ್ ಪುಕ್ಕಟೆ ಕೊಡುವ 15 ಜಿಬಿ ಜಾಗ ತುಂಬಿತ್ತು. ಅದು ಬರೀ ಮೇಲ್‌ಗಲ್ಲ, ಡ್ರೈವ್ ಮತ್ತು ಫೋಟೋಸ್ ಕೂಡ ಅದರಲ್ಲೇ ಪಾಲು ಕೇಳುತ್ತವೆ. ಹಾಗಾಗಿ ಹೆಚ್ಚಿನ ಜಾಗಕ್ಕೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದೆ. ಒಂದೆರಡು ವರ್ಷದ ಲೆಕ್ಕ ಹಾಕಿದರೆ ಒಳ್ಳೆಯ ಕೀಬೋರ್ಡ್ ಕವರ್ ಬರುತ್ತಿತ್ತು. ಕಸ ಇಡೋಕೆ ಬಾಡಿಗೆ!

ಮೊದಲು ಮೇಲ್‌ಗಳಿಗೆ ಅಂಟಿಸುವ ಹೆಸರುಚೀಟಿ, ಅಂದರೆ ಲೇಬಲ್, ಮೂವತ್ತರಷ್ಟು ಮಾಡಿಕೊಂಡೆ. ಯಾವ ಮೇಲ್ ಯಾವುದಕ್ಕೆ ಅಂತ ಯೋಚಿಸುವುದರಲ್ಲೇ ಸಂಜೆ ಮುಗಿಯುತ್ತಿತ್ತು. ಆಮೇಲೆ ಚಂದಾ ಕಟ್ಟಿ ಬೇರೊಂದು ಆ್ಯಪ್ ಹಾಕಿದೆ. ನೋಡೋಕೆ ಚೆಂದ. ಆದರೆ ಅದು ಮಾಡುವ ವಿಂಗಡಣೆ ಅದರೊಳಗೇ ಉಳಿಯುತ್ತಿತ್ತು, ಫೋನ್‌ನಲ್ಲಿ ತೆರೆದರೆ ಮತ್ತೆ ಕಲಸುಮೇಲೋಗರ. ಆ ದುಡ್ಡೂ ಹೋಯಿತು.

ದಾರಿ ಸಿಕ್ಕಿದ್ದು ಫಿಲ್ಟರ್‌ನಲ್ಲಿ, ಅಂದರೆ ಬರುವ ಮೇಲ್‌ಗಳನ್ನು ನಾವು ಹೇಳಿದ ಹಾಗೆ ತಾನೇ ವಿಂಗಡಿಸುವ ನಿಯಮದಲ್ಲಿ. ಜಿಮೇಲ್ ಆ್ಯಪ್ ಒಳಗೆ ಫಿಲ್ಟರ್ ಮಾಡೋಕೆ ಬರುವುದಿಲ್ಲ, ಅಲ್ವಾ? ಹೆಚ್ಚಿನವರು ಅಲ್ಲಿಗೇ ಕೈ ಚೆಲ್ಲುತ್ತಾರೆ. ನಾನು ಕ್ರೋಮ್‌ನಲ್ಲಿ ಡೆಸ್ಕ್‌ಟಾಪ್ ಸೈಟ್ (ಕಂಪ್ಯೂಟರ್‌ನಲ್ಲಿ ಕಾಣುವಂಥ ಪುಟ) ಆನ್ ಮಾಡಿ ಜಿಮೇಲ್ ತೆರೆದೆ. ಟ್ಯಾಬ್ ಅಡ್ಡ ಹಿಡಿದರೂ ಗುಂಡಿಗಳು ಸಾಸಿವೆ ಕಾಳಿನಷ್ಟು. ಬೆರಳಿಗಿಂತ ಪೆನ್ ವಾಸಿ. ಅಲ್ಲಿ ಮಾಡಿದ ಫಿಲ್ಟರ್ ಸರ್ವರ್‌ನಲ್ಲೇ ಕೂತಿರುತ್ತದೆ, ಆಮೇಲೆ ಯಾವ ಸಾಧನದಲ್ಲಿ ತೆರೆದರೂ ಮೇಲ್ ತನ್ನ ಜಾಗಕ್ಕೆ ಹೋಗಿರುತ್ತದೆ. ಲೇಬಲ್ ಮೂರೇ ಉಳಿಸಿಕೊಂಡೆ: ಮಾಡಬೇಕು, ಬಿಲ್, ಮನೆ. ಫಿಲ್ಟರ್ ಒಂದು ಹನ್ನೆರಡಿರಬಹುದು. ಅದರಲ್ಲಿ ಜಾಹೀರಾತು ಹಿಡಿಯುವ ಒಂದು ಮಾತ್ರ ಇಲ್ಲಿ ಬಿಡಿಸಿ ಹೇಳುವುದಿಲ್ಲ, ಬಹಳ ಒದ್ದಾಡಿ ಸಿಕ್ಕಿದ್ದು.

ಹಳೇ ರಾಶಿ ತೆಗೆದಿದ್ದೂ ಅಲ್ಲೇ. ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ larger:10M ಅಂತ ಹಾಕಿದರೆ 10 ಎಂಬಿಗಿಂತ ದೊಡ್ಡ ಮೇಲ್‌ಗಳೆಲ್ಲ ಎದುರಿಗೆ ಬರುತ್ತವೆ. ಯಾರದೋ ಮದುವೆ ಫೋಟೋ, ಅದೇ ಪಿಡಿಎಫ್ ನಾಲ್ಕು ಸಲ. ಮೇಲಿನ ಚೌಕ ಒತ್ತಿದರೆ ಆ ಪುಟದವು ಮಾತ್ರ ಆಯ್ಕೆ ಆಗುತ್ತವೆ. ಆಗ ಪಟ್ಟಿಯ ಮೇಲ್ಗಡೆ ಈ ಹುಡುಕಾಟಕ್ಕೆ ಸಿಕ್ಕ ಎಲ್ಲವನ್ನೂ ಆರಿಸುವ ಸಾಲು ಬರುತ್ತದೆ, ಅದನ್ನು ಒತ್ತಬೇಕು. ಅಳಿಸಿದ ಮೇಲೆ ಟ್ರ್ಯಾಶ್ ಖಾಲಿ ಮಾಡಿ. ಇಲ್ಲದಿದ್ದರೆ 30 ದಿನ ಅಲ್ಲೇ ಕೂತು ಜಾಗ ತಿನ್ನುತ್ತದೆ. ನನಗೆ ಸುಮಾರು ಆರು ಜಿಬಿ ವಾಪಸ್ ಬಂತು. ಬಾಡಿಗೆ ನಿಲ್ಲಿಸಿದೆ.

ಆ್ಯಪ್‌ನಲ್ಲಿ ಬದಲಿಸಿದ್ದು ಎರಡೇ: ಸ್ವೈಪ್ ಮತ್ತು ನೋಟಿಫಿಕೇಶನ್. ಬಲಕ್ಕೆ ಸ್ವೈಪ್ ಮಾಡಿದರೆ ಆರ್ಕೈವ್, ಎಡಕ್ಕೆ ಸ್ನೂಜ್, ಅಂದರೆ ಮೇಲ್ ಈಗ ಮರೆಯಾಗಿ ಹೇಳಿದ ಹೊತ್ತಿಗೆ ಮತ್ತೆ ಬರುತ್ತದೆ. ಆರ್ಕೈವ್ ಅಂದರೆ ಹೆದರುವವರಿದ್ದಾರೆ. ಇನ್‌ಬಾಕ್ಸ್‌ನಿಂದ ಮರೆಯಾದರೂ ಮೇಲ್ ಎಲ್ಲೂ ಹೋಗಲ್ಲ, ಆಲ್ ಮೇಲ್‌ನಲ್ಲಿ ಇರುತ್ತದೆ, ಉತ್ತರ ಬಂದರೆ ತಾನೇ ಇನ್‌ಬಾಕ್ಸ್‌ಗೆ ಮರಳುತ್ತದೆ. ಇನ್‌ಬಾಕ್ಸ್ ಸದ್ದು ನಿಲ್ಲಿಸಿ, 'ಮಾಡಬೇಕು' ಲೇಬಲ್‌ಗೆ ಮಾತ್ರ ನೋಟಿಫಿಕೇಶನ್ ಇಟ್ಟೆ. ಇದಕ್ಕೆ ಮೊದಲು ಆ ಲೇಬಲ್‌ನ ಸಿಂಕ್ ಆನ್ ಆಗಿರಬೇಕು, ಇಲ್ಲದಿದ್ದರೆ ಸದ್ದೇ ಬರುವುದಿಲ್ಲ.

ಮಧ್ಯೆ ಸುಮ್ನೆ ಕನ್ನಡದಲ್ಲಿ ಬಾಯಲ್ಲೇ ಹೇಳಿ ಉತ್ತರ ಬರೆಸಿ ನೋಡಿದೆ. ಎರಡು ಸಾಲಿನ ಉತ್ತರಕ್ಕೆ ಪರವಾಗಿಲ್ಲ. ಉದ್ದ ಆದರೆ ತಿದ್ದುವ ಕೆಲಸವೇ ಜಾಸ್ತಿ. ಇನ್ನೊಂದು ಪ್ರಯೋಗ ಗೆದ್ದಿತು: ವಿಳಾಸದಲ್ಲಿ ಹೆಸರಾದ ಮೇಲೆ, @ ಗುರುತಿಗೆ ಮೊದಲು, ಪ್ಲಸ್ ಗುರುತು ಹಾಕಿ ಒಂದು ಪದ ಸೇರಿಸಿದರೂ ಮೇಲ್ ನನಗೇ ಬರುತ್ತದೆ. ಒಂದೊಂದು ಅಂಗಡಿಗೂ ಬೇರೆ ಬೇರೆ ಪದ ಹಾಕಿ ಅಂಥ ವಿಳಾಸವನ್ನೇ ಕೊಡುತ್ತೇನೆ. ಯಾರು ನನ್ನ ವಿಳಾಸ ಹಂಚಿದರು ಅಂತ ಗೊತ್ತಾಗಿಬಿಡುತ್ತದೆ. ಕೆಲವು ಫಾರಂಗಳು ಪ್ಲಸ್ ಒಪ್ಪುವುದಿಲ್ಲ. ಅಂಥವಕ್ಕೆ ಬೇರೆ ಖಾತೆಯೇ ಇಟ್ಟಿದ್ದೇನೆ, ಅದನ್ನು ತಿಂಗಳಿಗೊಮ್ಮೆ ತೆರೆದರೆ ಹೆಚ್ಚು.