ಒಣಗಿದ ಹೊಂಡದ ಮಣ್ಣಿನಿಂದ ಎದ್ದ ಸಿಗಡಿಗಳು

ಮುಂಡರಗಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು, ಏಡಿ, ಸಿಗಡಿಗಳ ಬಳಗವನ್ನು ಮೊದಲೆಲ್ಲ ಪುಸ್ತಕದ ಚಿತ್ರದಲ್ಲಿಯೇ ತೋರಿಸುತ್ತಿದ್ದೆ. ಕಾರವಾರದ ಕಡಲನ್ನು ಕಂಡ ಮಕ್ಕಳು ನಮ್ಮಲ್ಲಿ ಕಡಿಮೆ. ಆದರೆ ಅದೇ ಬಳಗದ ಫೇರಿ ಶ್ರಿಂಪ್ ಎಂಬ ಸಣ್ಣ ಜೀವಿ ಸಮುದ್ರದಲ್ಲಿ ಇರುವುದೇ ಇಲ್ಲ. ಮಳೆಗೆ ತುಂಬಿ ಬೇಸಿಗೆಗೆ ಬತ್ತುವ ಹೊಂಡಗಳೇ ಅದರ ಮನೆ.

ಇದನ್ನು ಮಕ್ಕಳಿಗೆ ತೋರಿಸಲು ಹೊಂಡದ ಆಯ್ಕೆಯೇ ಮುಖ್ಯ. ಈ ಜೀವಿಗೆ ಓಡಿ ತಪ್ಪಿಸಿಕೊಳ್ಳುವ ವೇಗವಾಗಲಿ ಗಟ್ಟಿ ಚಿಪ್ಪಾಗಲಿ ಇಲ್ಲದ ಕಾರಣ, ಮೀನು ಇರುವ ಕೆರೆಯಲ್ಲಿ ಹುಡುಕಿ ಪ್ರಯೋಜನವಿಲ್ಲ. ವಿದ್ಯಾರ್ಥಿಯೊಬ್ಬನ ತಂದೆಯ ಹೊಲದಂಚಿನಲ್ಲಿ ಗರಸು ತೆಗೆದ ಹಳೆಯ ಗುಂಡಿಯೊಂದಿತ್ತು. ರೋಹಿಣಿ ಮಳೆ ಬೀಳುವ ಮೊದಲೇ ಅವರ ಒಪ್ಪಿಗೆ ಪಡೆದು, ಗುಂಡಿಯ ಅತಿ ತಗ್ಗಿನ ಭಾಗದಲ್ಲಿ ಬಿರುಕು ಬಿಟ್ಟ ಮೇಲ್ಪದರವನ್ನು ಮಾತ್ರ ಕೆರೆದು ತಂದೆವು. (ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮವಾಗಿರುವುದರಿಂದ, ಅದರ ಗಡಿಯೊಳಗಿನ ಮಣ್ಣನ್ನು ಮುಟ್ಟಬಾರದೆಂದು ಮಕ್ಕಳಿಗೆ ಮೊದಲೇ ಹೇಳಿದ್ದೆ.)

ಆ ಮಣ್ಣನ್ನು ಅಗಲವಾದ ಟಬ್ಬಿನಲ್ಲಿ ತೆಳುವಾಗಿ ಹರಡಿ, ಮಾಳಿಗೆಯಿಂದ ಹಿಡಿದಿಟ್ಟ ಮಳೆನೀರನ್ನು ಒಂದು ಗೇಣಿನಷ್ಟು ತುಂಬಿಸಿ, ಬೆಳಕು ಚೆನ್ನಾಗಿ ಬೀಳುವ ಕಟ್ಟೆಯ ಮೇಲೆ ಇಟ್ಟೆವು. ಇಲ್ಲಿ ಮಳೆನೀರನ್ನೇ ಬಳಸಬೇಕು. ನಮ್ಮ ಭಾಗದ ಬೋರ್‌ವೆಲ್ ನೀರಿನಲ್ಲಿ ಲವಣ ಹೆಚ್ಚು. ಒಣಮಣ್ಣಿನಲ್ಲಿ ಉಳಿದಿರುವ ಈ ಜೀವಿಯ ಮೊಟ್ಟೆಗಳಿಗೆ ಹೊಸ ಮಳೆ ಬಂದಿದೆ ಎಂಬ ಸುಳಿವು ಸಿಗುವುದು ಲವಣ ಕಡಿಮೆ ಇರುವ ನೀರಿನಿಂದ. ಬೆಳಕು ಮತ್ತು ಆಮ್ಲಜನಕವೂ ಬೇಕಾದ್ದರಿಂದ, ಆಳದಲ್ಲಿ ಹೂತ ಮೊಟ್ಟೆಗಳು ಹಾಗೆಯೇ ಉಳಿಯುತ್ತವೆ.

ಒಂದೆರಡು ದಿನ ಕಳೆಯುವುದರೊಳಗೆ, ಸೂಜಿಯ ಮೊನೆಯಷ್ಟು ಸಣ್ಣ ಚುಕ್ಕೆಗಳು ನೀರಿನಲ್ಲಿ ತಡೆತಡೆದು ಚಿಮ್ಮುತ್ತಿದ್ದವು. ಇವು ಪಾಚಿ ಮತ್ತು ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತವೆ. ನಾನು ಚಿಟಿಕೆಗಿಂತ ಕಡಿಮೆ ಯೀಸ್ಟನ್ನು ನೀರಿನಲ್ಲಿ ಕದಡಿ ಹಾಕುತ್ತಿದ್ದೆ. ಹೆಚ್ಚು ಹಾಕಿದರೆ ನೀರು ಕೆಟ್ಟು ಮರಿಗಳು ಸಾಯುತ್ತವೆ.

ಬೆಳೆದದ್ದನ್ನು ಗಾಜಿನ ಲೋಟಕ್ಕೆ ಬಿಟ್ಟು ನೋಡಬೇಕು. ಮೈ ಹೆಚ್ಚುಕಡಿಮೆ ಪಾರದರ್ಶಕ, ಕಣ್ಣುಗಳು ಎರಡು ಪುಟ್ಟ ದಂಟುಗಳ ತುದಿಯಲ್ಲಿ. ಹನ್ನೊಂದು ಜೊತೆ ಎಲೆಯಂಥ ಕಾಲುಗಳು ಒಂದರ ಹಿಂದೆ ಒಂದು ಬಡಿಯುವಾಗ, ಗಾಳಿ ಬೀಸಿದ ಜೋಳದ ಹೊಲದಂತೆ ಅಲೆಯೊಂದು ಅವುಗಳ ಮೇಲೆ ಹರಿದುಹೋಗುತ್ತದೆ. ಈಜು, ಊಟ, ಉಸಿರು ಮೂರೂ ಆ ಕಾಲುಗಳಿಂದಲೇ. ಹೆಣ್ಣಿನ ಕಾಲುಗಳ ಹಿಂದೆ ಮೊಟ್ಟೆಯ ಚೀಲ ಕಾಣುತ್ತದೆ. "ಸರ್, ಇವು ಅಂಗಾತ ಈಜತಾವ್ರೀ!" ಎಂದು ಮೊದಲು ಗುರುತಿಸಿದವಳು ಎಂಟನೆಯ ತರಗತಿಯ ಹುಡುಗಿ. ಕೋಣೆಯನ್ನು ಕತ್ತಲು ಮಾಡಿ ಲೋಟದ ತಳದಿಂದ ಟಾರ್ಚ್ ಬಿಡಲು ಅವಳಿಗೇ ಹೇಳಿದೆ. ಅವು ಒಂದೊಂದಾಗಿ ಮಗುಚಿ ಬೆನ್ನು ಮೇಲೆ ಮಾಡಿದವು. ಹೊಟ್ಟೆಯನ್ನು ಬೆಳಕಿನ ಕಡೆಗೆ ಇಟ್ಟುಕೊಳ್ಳುವುದು ಅವುಗಳ ಸ್ವಭಾವ. ಮೇಲು ಕೆಳಗನ್ನು ಅವು ಬೆಳಕಿನಿಂದ ತಿಳಿಯುತ್ತವೆ. ಎಷ್ಟೇ ಸಲ ನೋಡಿದರೂ ಈ ಗಳಿಗೆಯ ಬೆರಗು ನನಗೆ ಕಡಿಮೆಯಾಗಿಲ್ಲ.

ಒಣಮಣ್ಣಿನಲ್ಲಿ ಅವು ಬದುಕಿದ್ದಾದರೂ ಹೇಗೆ ಎಂದು ಮಕ್ಕಳು ಕೇಳಿದರು. ಆಗ ತೂತ್ತುಕುಡಿಯ ಉಪ್ಪಿನ ಮಡಿಗಳಲ್ಲಿ ಸಿಗುವ, ಸಿಗಡಿ ಮರಿಕೇಂದ್ರಗಳಲ್ಲಿ ಮೇವಾಗಿ ಬಳಸುವ ಆರ್ಟೀಮಿಯಾ ಎಂಬ ಇವುಗಳ ಸಂಬಂಧಿಯ ಕಥೆ ಹೇಳಿದೆ. ಅದರ ಮೊಟ್ಟೆಯ ಗಟ್ಟಿ ಕವಚದೊಳಗೆ ಭ್ರೂಣವು ಬೆಳೆಯಲು ತೊಡಗಿ ಅರ್ಧಕ್ಕೇ ನಿಂತಿರುತ್ತದೆ. ನೀರು ಆರಿದಾಗ ಟ್ರೆಹಲೋಸ್ ಎಂಬ ಸಕ್ಕರೆ ಜೀವಕೋಶದ ಪೊರೆ ಮತ್ತು ಪ್ರೋಟೀನುಗಳು ಕೆಡದಂತೆ ಕಾಯುತ್ತದೆ. ಹೀಗೆ ಆ ಮೊಟ್ಟೆಗಳು ವರ್ಷಗಟ್ಟಲೆ ಇರಬಲ್ಲವು.

ಎಲ್ಲ ಮೊಟ್ಟೆಗಳೂ ಒಂದೇ ಮಳೆಗೆ ಒಡೆಯುವುದಿಲ್ಲ. ಮಳೆ ನಡುವೆ ಕೈಕೊಟ್ಟು ಹೊಂಡ ಬೇಗ ಬತ್ತಿದರೂ, ಮಣ್ಣಿನಲ್ಲಿ ಉಳಿದವು ಮುಂದಿನ ಮಳೆಗೆ ಒದಗುತ್ತವೆ. ಆದ್ದರಿಂದ ಟಬ್ಬಿನ ನೀರು ತಾನಾಗಿ ಆರಿದ ಮೇಲೆ ಮಣ್ಣನ್ನು ಎಸೆಯದೆ ಪೂರ್ತಿ ಒಣಗಿಸಿ, ಹೊಂಡದ ಗುರುತು ಬರೆದ ಕಾಗದದ ಚೀಲದಲ್ಲಿ ಕಟ್ಟಿಡುತ್ತೇವೆ. ಮರುವರ್ಷದ ಎಂಟನೆಯ ತರಗತಿಯವರು ಅದೇ ಮಣ್ಣಿಗೆ ನೀರು ಹಾಕುತ್ತಾರೆ.