ಹಳೆಯ ಬೊನೆವಿಲ್‌ಗೆ ಹೊಸ ಬಿಡಿಭಾಗ: ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಇಂಗ್ಲೆಂಡಿನ ಕೊವೆಂಟ್ರಿ ಸಮೀಪದ ಮೆರಿಡನ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಟ್ರಯಂಫ್ ಬೊನೆವಿಲ್ ಟಿ120 ಮೋಟಾರ್‌ಸೈಕಲ್, 1959ರ ಮಾದರಿಯಾಗಿ ಮಾರಾಟಕ್ಕೆ ಬಂತು. 1963ರಲ್ಲಿ ಅದರ ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಕವಚದೊಳಗೆ ಸೇರಿಕೊಂಡವು. 1971ರಲ್ಲಿ ಚಾಸಿಯ ಕೊಳವೆಯೇ ಆಯಿಲ್ ಟ್ಯಾಂಕ್ ಆಯಿತು. ಈ ಎರಡರ ನಡುವಿನ 649 ಸಿಸಿ ಗಾಡಿಗಳನ್ನು, ಅದರಲ್ಲೂ 1968ರಿಂದ 1970ರವರೆಗಿನವನ್ನು, ಮನೆಯ ಶೆಡ್ಡಿನಲ್ಲಿ ಹೊಸದಾಗಿಸುವ ಬಗೆಯನ್ನು ಇಲ್ಲಿ ಹೇಳಲಾಗಿದೆ. ಇದನ್ನೇ ಆರಿಸಿಕೊಳ್ಳಲು ಕಾರಣವಿದೆ: ಈ ಗಾಡಿಯ ಹೆಚ್ಚುಕಡಿಮೆ ಪ್ರತಿಯೊಂದು ಭಾಗವನ್ನೂ ಇಂದಿಗೂ ಯಾರೋ ಒಬ್ಬರು ಹೊಸದಾಗಿ ಮಾಡಿ ಮಾರುತ್ತಿದ್ದಾರೆ. ಅನುಕೂಲವೂ ಅದೇ, ಅಪಾಯವೂ ಅದೇ. ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಮೆರಿಡನ್‌ನ ಒಳ್ಳೆಯ ಉಕ್ಕನ್ನು ಗುಜರಿಗೆ ಹಾಕಿ, ಅಳತೆಯೇ ಕೂಡದ ಹೊಸ ಭಾಗವನ್ನು ತಂದು ಕೂರಿಸಿದವರನ್ನು ಬೇಕಾದಷ್ಟು ನೋಡಿದ್ದೇನೆ.

ಬಿಚ್ಚುವ ಮೊದಲು

ಎಂಜಿನ್ ನಂಬರ್ ಮತ್ತು ಚಾಸಿ ನಂಬರ್ ಒಂದೇ ಇವೆಯೇ ಎಂದು ಮೊದಲು ನೋಡಬೇಕು. 1963ರ ಬಳಿಕದ ಸಂಖ್ಯೆಗಳು ‘ಡಿಯು’ ಅಕ್ಷರಗಳಿಂದ ಶುರುವಾಗುತ್ತವೆ. 1969ರಿಂದ ತಿಂಗಳು ಮತ್ತು ಮಾದರಿ ವರ್ಷ ಸೂಚಿಸುವ ಎರಡಕ್ಷರಗಳು ಬರುತ್ತವೆ. ಬಿಚ್ಚುವಾಗ ಪ್ರತಿ ಹಂತದಲ್ಲೂ ಫೋಟೊ ತೆಗೆಯಬೇಕು, ಬೋಲ್ಟುಗಳನ್ನು ಬೇರೆ ಬೇರೆ ಚೀಲಗಳಲ್ಲಿ ಹೆಸರು ಬರೆದು ಇಡಬೇಕು.

ಸ್ಪ್ಯಾನರ್ ವಿಷಯದಲ್ಲಿ ಅಸಡ್ಡೆ ಮಾಡುವಂತಿಲ್ಲ. ಮಿಲಿಮೀಟರ್ ಸ್ಪ್ಯಾನರ್ ಇಲ್ಲಿ ನಟ್ಟಿನ ಮೂಲೆಗಳನ್ನು ತಿಂದುಹಾಕುತ್ತದೆ. ವಿಟ್‌ವರ್ತ್ ಎಂಬ ಹಳೆಯ ಬ್ರಿಟಿಷ್ ಅಳತೆಯ ಸೆಟ್ ಬೇಕೇ ಬೇಕು. ಅದರ ಮೇಲೆ ಕೊರೆದಿರುವ ಸಂಖ್ಯೆ ಬೋಲ್ಟಿನ ದಪ್ಪವನ್ನು ಹೇಳುತ್ತದೆಯೇ ಹೊರತು ಸ್ಪ್ಯಾನರಿನ ಬಾಯಿಯ ಅಗಲವನ್ನಲ್ಲ ಎಂಬುದು ಹೊಸಬರನ್ನು ಕೆಲವು ದಿನ ಕಾಡುತ್ತದೆ. ಇನ್ನೊಂದು ಗೊಂದಲ ಥ್ರೆಡ್‌ನದು. 5/16 ಇಂಚಿನ ಬೋಲ್ಟ್ ಬ್ರಿಟಿಷ್ ಸೈಕಲ್ ಥ್ರೆಡ್ಡಿನದಾದರೆ ಇಂಚಿಗೆ 26 ಸುತ್ತು, ಯುಎನ್‌ಎಫ್ (ಯೂನಿಫೈಡ್ ಫೈನ್) ಆದರೆ 24, ಬಿಎಸ್‌ಎಫ್ (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್) ಆದರೆ 22. 1960ರ ದಶಕದ ಕೊನೆಯಲ್ಲಿ ಕಾರ್ಖಾನೆ ಹಳೆಯದನ್ನು ಬಿಟ್ಟು ಯುಎನ್‌ಎಫ್ ಕಡೆಗೆ ಹೊರಳುತ್ತಿದ್ದುದರಿಂದ ಒಂದೇ ಗಾಡಿಯಲ್ಲಿ ಎರಡೂ ಸಿಗುತ್ತವೆ. ಮೊದಲ ಎರಡು ಸುತ್ತು ಕೈಯಲ್ಲಿ ಸಲೀಸಾಗಿ ಹೋಗದ ಬೋಲ್ಟನ್ನು ಸ್ಪ್ಯಾನರ್ ಹಾಕಿ ತಿರುಗಿಸಬಾರದು. ಥ್ರೆಡ್ ಗೇಜ್ ಇಟ್ಟು ನೋಡಬೇಕು.

ಕ್ರ್ಯಾಂಕಿನೊಳಗಿನ ಕೆಸರು

ಹೊರಗಿನ ಹೊಳಪಿಗೆ ಮನಸೋತು ಈ ಕೆಲಸವನ್ನು ಬಿಡುವವರೇ ಹೆಚ್ಚು. ಈ ಎಂಜಿನ್ನಿಗೆ ಕಾರ್ಖಾನೆ ಕೊಟ್ಟದ್ದು ಲೋಹದ ಜಾಲರಿಯನ್ನು ಮಾತ್ರ, ಕಾಗದದ ಆಯಿಲ್ ಫಿಲ್ಟರನ್ನಲ್ಲ. ಜಾಲರಿಯಲ್ಲಿ ನುಸುಳಿದ ಸಣ್ಣ ಕಸವನ್ನು ಹಿಡಿಯಲು ಕ್ರ್ಯಾಂಕ್‌ಶಾಫ್ಟ್‌ನ ಟೊಳ್ಳಿನಲ್ಲಿ ಒಂದು ಕೊಳವೆ ಇಟ್ಟಿದ್ದರು. ಇದಕ್ಕೆ ಸ್ಲಜ್ ಟ್ರ್ಯಾಪ್ ಎನ್ನುತ್ತಾರೆ. ಕ್ರ್ಯಾಂಕ್ ತಿರುಗುವ ರಭಸಕ್ಕೆ ಆಯಿಲಿನಲ್ಲಿರುವ ಭಾರದ ಕಣಗಳು ಕೊಳವೆಯ ಗೋಡೆಗೆ ಅಂಟಿ, ವರ್ಷಗಳು ಕಳೆದಂತೆ ಗಟ್ಟಿ ಅಂಟಿನಂತಾಗುತ್ತವೆ. ಕೊಳವೆ ತುಂಬಿದ ದಿನ, ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವಲ್ಲಿನ ಬಿಗ್‌ಎಂಡ್ ಬೇರಿಂಗಿಗೆ ಆಯಿಲ್ ನಿಲ್ಲುತ್ತದೆ. ನಾನು ಬಿಚ್ಚಿದ ಒಂದು ಎಂಜಿನ್ನಿನ ಜೊತೆಗೆ ‘ಪೂರ್ತಿ ರೀಕಂಡಿಷನ್’ ಆಗಿದೆ ಎಂಬ ದಪ್ಪ ಬಿಲ್ ಬಂದಿತ್ತು. ಪಿಸ್ಟನ್‌ಗಳೇನೋ ಹೊಸವು, ಆದರೆ ಕೊಳವೆಯೊಳಗಿನ ಕೆಸರನ್ನು ಸ್ಕ್ರೂಡ್ರೈವರಿನಿಂದ ಕೆರೆದು ತೆಗೆಯಬೇಕಾಯಿತು.

ಇದನ್ನು ತೆಗೆಯಲು ಎಂಜಿನ್ ಕವಚವನ್ನು ಎರಡು ಹೋಳಾಗಿಸಿ ಕ್ರ್ಯಾಂಕನ್ನು ಹೊರತೆಗೆಯಲೇಬೇಕು. ಕೊಳವೆಯ ಬಾಯಿ ಮುಚ್ಚಿದ ತಿರುಪಿನ ಬಿರಡೆಯನ್ನು ಸಡಿಲವಾಗದಂತೆ ಪಂಚ್ ಹೊಡೆದು ಕೂರಿಸಿರುತ್ತಾರೆ. ಆ ಪಂಚ್ ಗುರುತನ್ನು ಸಣ್ಣ ಡ್ರಿಲ್ಲಿನಿಂದ ಕೊರೆದು ತೆಗೆದು, ಸುತ್ತಲಿನ ಲೋಹವನ್ನು ಕಾಯಿಸಿ, ಇಂಪ್ಯಾಕ್ಟ್ ಡ್ರೈವರಿನಿಂದ ಬಿಚ್ಚಬೇಕು. ಬಿರಡೆ ಬಂದೊಡನೆ ಕೊಳವೆಯನ್ನು ಎಳೆಯಬಾರದು. ಫ್ಲೈವ್ಹೀಲ್‌ನ ಅಂಚಿನಿಂದ ಒಳಗಿಳಿಯುವ ಮೂರು ಬೋಲ್ಟುಗಳಲ್ಲಿ ಒಂದರ ತುದಿ ಕೊಳವೆಯ ತೂತಿನಲ್ಲಿ ಕೂತಿರುತ್ತದೆ. ಅದನ್ನು ಮೊದಲು ತೆಗೆಯಬೇಕು. ಮರಳಿ ಹಾಕುವಾಗ ಕೊಳವೆಯ ತೂತು ಆ ಬೋಲ್ಟಿಗೆ ಸರಿಯಾಗಿ ಎದುರಾಗಬೇಕು, ಇಲ್ಲವಾದರೆ ಹೊಸ ಕೊಳವೆಯೇ ಆಯಿಲಿನ ದಾರಿಗೆ ಅಡ್ಡ ನಿಲ್ಲುತ್ತದೆ. ಕವಚಗಳಿಗೆ ಬ್ಲಾಸ್ಟಿಂಗ್ ಮಾಡಿಸಿದ್ದರೆ ಪ್ರತಿಯೊಂದು ಆಯಿಲ್ ರಂಧ್ರವನ್ನೂ ದ್ರಾವಕ ಹಾಕಿ, ಗಾಳಿ ಹೊಡೆದು, ಮತ್ತೆ ತೊಳೆಯಬೇಕು.

ಕ್ರ್ಯಾಂಕಿನ ಜರ್ನಲ್‌ಗಳನ್ನು (ಬೇರಿಂಗ್ ಕೂರುವ ದುಂಡು ಭಾಗಗಳನ್ನು) ಮೈಕ್ರೊಮೀಟರಿನಿಂದ ಅಳೆದು, ಸವೆದಿದ್ದರೆ ಗ್ರೈಂಡ್ ಮಾಡಿಸಿ, ತಕ್ಕ ಅಂಡರ್‌ಸೈಜ್ ಬೇರಿಂಗ್ ಶೆಲ್ ಹಾಕಬೇಕು. ಪಟ್ಟಣದ ಲೇತ್ ಶಾಪಿಗೆ ಕ್ರ್ಯಾಂಕ್ ಒಯ್ಯುವಾಗ ಹೊಸ ಶೆಲ್‌ಗಳನ್ನೂ ಜೊತೆಗೆ ಒಯ್ಯಿರಿ. ಪೆಟ್ಟಿಗೆಯ ಮೇಲೆ ಬರೆದ ಅಳತೆಗೆ ಬದಲಾಗಿ ಕೈಯಲ್ಲಿರುವ ಶೆಲ್ಲಿನ ಅಳತೆಗೆ ಗ್ರೈಂಡ್ ಆಗಲಿ. ಟೈಮಿಂಗ್ ಕವರಿನಲ್ಲಿ, ಕ್ರ್ಯಾಂಕಿನ ತುದಿಗೆ ಹೋಗುವ ಆಯಿಲ್ ಸೋರದಂತೆ ತಡೆಯುವ ಚಿಕ್ಕ ಸೀಲನ್ನು ಹಳೆಯದು ಚೆನ್ನಾಗಿ ಕಂಡರೂ ಬದಲಿಸಬೇಕು. ಹೊಸ ಕಾಲದ ಕೊಡುಗೆಗಳಲ್ಲಿ ನಾನು ಹಿಂದೆಮುಂದೆ ನೋಡದೆ ಒಪ್ಪುವುದು ಆಯಿಲ್ ಮರಳುವ ಪೈಪಿಗೆ ಸೇರಿಸುವ ಕಾರ್ಟ್ರಿಜ್ ಫಿಲ್ಟರನ್ನು. ಮರಳುವ ದಾರಿಯಲ್ಲಿರುವುದರಿಂದ ಬೇರಿಂಗಿಗೆ ಹೋಗುವ ಆಯಿಲಿಗೆ ಅದು ಅಡ್ಡಿಯಾಗುವುದಿಲ್ಲ.

ಸಿಲಿಂಡರ್ ಮತ್ತು ಹೆಡ್

ಹೊಸ ಪಿಸ್ಟನ್ ಕೈಗೆ ಬಂದ ಮೇಲೆಯೇ ಬೋರ್ ಮಾಡಿಸಬೇಕು. ಪ್ರತಿ ರಿಂಗನ್ನೂ ಬೋರಿನೊಳಗೆ ಸಮನಾಗಿ ಇಳಿಸಿ, ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ನೋಡಬೇಕು, ಅದು 0.010ರಿಂದ 0.014 ಇಂಚು ಇರಬೇಕು. ತಾಮ್ರದ ಹೆಡ್ ಗ್ಯಾಸ್ಕೆಟನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ.

ಈ ಎಂಜಿನ್ ಆಯಿಲ್ ಸೋರುತ್ತದೆಂಬ ಹೆಸರು ಹೊತ್ತದ್ದು ಬಹುಪಾಲು ಪುಶ್‌ರಾಡ್ ಕೊಳವೆಗಳ ಸೀಲಿನಿಂದ. ಇಲ್ಲಿ ಹೊಸ ಸಿಲಿಕೋನ್ ಸೀಲ್ ಹಳೆಯದಕ್ಕಿಂತ ಖಂಡಿತ ಮೇಲು. ಆದರೆ ಬೇರೆ ಬೇರೆ ತಯಾರಕರ ಸೀಲ್‌ಗಳ ದಪ್ಪ ಬೇರೆ ಬೇರೆ. ಆದ್ದರಿಂದ ಗ್ಯಾಸ್ಕೆಟ್, ಕೊಳವೆ, ಸೀಲ್‌ಗಳನ್ನು ಒಣದಾಗಿ ಜೋಡಿಸಿ, ಬೋಲ್ಟ್ ಬಿಗಿಯದೆ ಹೆಡ್ ಇಟ್ಟು, ಹೆಡ್ಡಿಗೂ ಗ್ಯಾಸ್ಕೆಟಿಗೂ ನಡುವೆ ಉಳಿದ ಸಂದನ್ನು ಅಳೆಯಬೇಕು. 0.030ರಿಂದ 0.040 ಇಂಚು ಇದ್ದರೆ ಸರಿ. ಕಡಿಮೆಯಿದ್ದರೆ ಆಯಿಲ್ ಸೋರುತ್ತದೆ. ಹೆಚ್ಚಿದ್ದರೆ ಸೀಲ್‌ಗಳೇ ಹೆಡ್ಡನ್ನು ಎತ್ತಿ ಹಿಡಿದು ಗ್ಯಾಸ್ಕೆಟ್ ಹಾರಿಹೋಗುತ್ತದೆ. ಒಂಬತ್ತು ಹೆಡ್ ಬೋಲ್ಟುಗಳನ್ನು ಮ್ಯಾನ್ಯುಯಲ್ ಹೇಳುವ ಕ್ರಮದಲ್ಲಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಟ್ಯೂಬಿನಿಂದ ಹಿಂಡುವ ಸಿಲಿಕೋನ್ ಅಂಟನ್ನು ಕವಚಗಳ ಜೋಡಣೆಗೆ ಧಾರಾಳವಾಗಿ ಬಳಿಯಬೇಡಿ, ಒಳಗೆ ಉದುರಿದ ಅದರ ಎಳೆಗಳು ನೇರ ಆಯಿಲ್ ಪಂಪಿನ ದಾರಿ ಹಿಡಿಯುತ್ತವೆ.

ಕಾರ್ಬೊರೇಟರ್, ಪೆಟ್ರೋಲ್

1968ರ ಗಾಡಿಗೆ ಬಂದ ಅಮಲ್ ಕಾನ್ಸೆಂಟ್ರಿಕ್ ಕಾರ್ಬೊರೇಟರಿನಲ್ಲಿ ಸ್ಲೈಡೂ ಅದರ ಮನೆಯೂ ಒಂದೇ ಬಗೆಯ ಮೆದು ಲೋಹ. ಎರಡೂ ಒಂದನ್ನೊಂದು ತಿಕ್ಕಿ ಸವೆಯುತ್ತವೆ, ಐಡ್ಲಿಂಗ್ ನಿಲ್ಲುವುದೇ ಇಲ್ಲ. ಇಂದು ಸಿಗುವ ಪ್ರೀಮಿಯರ್ ಮಾದರಿಯಲ್ಲಿ ಗಟ್ಟಿ ಅನೋಡೈಸ್ ಮಾಡಿದ ಅಲ್ಯೂಮಿನಿಯಂ ಸ್ಲೈಡ್ ಇದೆ, ಐಡ್ಲಿಂಗಿಗೆ ಪೆಟ್ರೋಲ್ ಬಿಡುವ, ಬಿಚ್ಚಿ ತೊಳೆಯಬಹುದಾದ ಪೈಲಟ್ ಜೆಟ್ ಇದೆ. ಹಳೆಯವುಗಳಲ್ಲಿ ಹಲವಕ್ಕೆ ಪೈಲಟ್ ಜೆಟ್ ಒಳಗೇ ಹೂತಿರುತ್ತದೆ, ಕಟ್ಟಿಕೊಂಡರೆ ಕಣ್ಣಿಗೆ ಕಾಣುವುದೂ ಇಲ್ಲ. ಇಲ್ಲಿ ಹೊಸದನ್ನೇ ಕೊಳ್ಳಿ. ಫ್ಲೇಂಜಿನ ನಟ್ಟುಗಳನ್ನು ಮಾತ್ರ ಹದವಾಗಿ ಬಿಗಿಯಿರಿ. ಅತಿಯಾದರೆ ಅದು ಬಾಗಿ ಗಾಳಿ ನುಗ್ಗುತ್ತದೆ.

ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲೆಂದರೆ ಶೇ 10ರಷ್ಟು ಎಥನಾಲ್ ಬೆರೆತದ್ದು. ನಮ್ಮ ಬಂಕುಗಳಲ್ಲಿ ಶೇ 20ರಷ್ಟು ಬೆರೆತದ್ದು ಬಂದಿದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪನ್ನು ಮೆತ್ತಗಾಗಿಸುತ್ತದೆ. ಹಿಂದಿನ ಮಾಲೀಕರು ಟ್ಯಾಂಕಿನೊಳಗೆ ಬಳಿದ ಹಳೆಯ ಲೇಪವನ್ನು ಕರಗಿಸಿ ಬೆಲ್ಲದ ಪಾಕದಂತೆ ಕಾರ್ಬೊರೇಟರಿಗೆ ಇಳಿಸಲೂಬಹುದು. ಎಥನಾಲ್ ತಡೆಯುವ ಪೈಪು, ವೈಟಾನ್ ಸೀಲ್ ಹಾಕಬೇಕು. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ಖಾಲಿ ಮಾಡಬೇಕು.

ವಯರಿಂಗ್

ಈ ಗಾಡಿಯ ವಿದ್ಯುತ್ ಭಾಗಗಳನ್ನು ಮಾಡಿದ ಲೂಕಸ್ ಕಂಪನಿಯನ್ನು ಬ್ರಿಟಿಷ್ ಸವಾರರು ‘ಕತ್ತಲೆಯ ರಾಜಕುಮಾರ’ ಎಂದು ಹಾಸ್ಯ ಮಾಡುವುದುಂಟು. ಅರ್ಧ ತಪ್ಪು ಅರ್ಥಿಂಗ್‌ನದು. ಕರೆಂಟ್ ಚಾಸಿಯ ಮೂಲಕವೇ ಮರಳಬೇಕಾದ ಈ ಗಾಡಿಯಲ್ಲಿ, ರೀಸ್ಟೋರ್ ಮಾಡುವಾಗ ಬಳಿದ ದಪ್ಪ ಬಣ್ಣವೇ ಆ ದಾರಿಯನ್ನು ಮುಚ್ಚುತ್ತದೆ. ಎಂಜಿನ್, ಹೆಡ್‌ಲೈಟ್, ಹಿಂದಿನ ದೀಪಗಳಿಂದ ಬ್ಯಾಟರಿಗೆ ಬೇರೆಯೇ ಒಂದು ಅರ್ಥ್ ವಯರ್ ಎಳೆದರೆ ಮುಕ್ಕಾಲು ಸಮಸ್ಯೆ ಮುಗಿಯುತ್ತದೆ.

ನೆನಪಿಡಬೇಕಾದದ್ದು, ಇಲ್ಲಿ ಚಾಸಿಗೆ ಸೇರುವುದು ಬ್ಯಾಟರಿಯ ಪಾಸಿಟಿವ್ ತುದಿ. ಅಭ್ಯಾಸಬಲದಿಂದ ನೆಗೆಟಿವ್ ಸೇರಿಸಿದರೆ ಹೊಸ ಎಲೆಕ್ಟ್ರಾನಿಕ್ ಇಗ್ನಿಷನ್ ಪೆಟ್ಟಿಗೆ ಆ ಕ್ಷಣವೇ ಸುಡುತ್ತದೆ. ಎಲ್‌ಇಡಿ ಬಲ್ಬನ್ನೂ ಪಾಸಿಟಿವ್ ಅರ್ಥ್‌ಗೆ ಹೊಂದುವುದನ್ನೇ ಕೇಳಿ ತರಬೇಕು.

ಕಿಡಿಯ ಹೊತ್ತನ್ನು ನಿರ್ಧರಿಸುವ ಪಾಯಿಂಟ್ ಮತ್ತು ಅಡ್ವಾನ್ಸ್ ಯೂನಿಟ್ಟಿನ ಜಾಗದಲ್ಲಿ ಬಾಯರ್ ಬ್ರಾನ್ಸ್‌ಡನ್, ಪೇಜಾನ್, ಟ್ರೈ-ಸ್ಪಾರ್ಕ್ ಮುಂತಾದವರ ಎಲೆಕ್ಟ್ರಾನಿಕ್ ಇಗ್ನಿಷನ್ ಕೂರುತ್ತದೆ. ಸವೆದ ಅಡ್ವಾನ್ಸ್ ಯೂನಿಟ್ಟಿನ ಸ್ಪ್ರಿಂಗ್‌ಗಳೊಂದಿಗೆ ಗುದ್ದಾಡುವುದಕ್ಕಿಂತ ಇದು ಮೇಲು. ಬಾಯರ್‌ನಂಥ ಪೆಟ್ಟಿಗೆಗೆ 6 ವೋಲ್ಟಿನ ಎರಡು ಕಾಯಿಲ್‌ಗಳನ್ನು ಒಂದರ ಹಿಂದೊಂದು ಜೋಡಿಸಬೇಕು, ಇಲ್ಲವೇ ಎರಡು ಬಾಯಿಯ ಒಂದೇ 12 ವೋಲ್ಟ್ ಕಾಯಿಲ್ ಹಾಕಬೇಕು; ಹಳೆಯ 12 ವೋಲ್ಟಿನ ಎರಡನ್ನು ಹಾಗೆಯೇ ಬಿಟ್ಟರೆ ಕಿಡಿ ಸಾಲುವುದಿಲ್ಲ. ರೆಸಿಸ್ಟರ್ ಇರುವ ಪ್ಲಗ್ ಕ್ಯಾಪ್ ಬೇಕು. ರೆಕ್ಟಿಫೈಯರ್ ಮತ್ತು ವೋಲ್ಟೇಜ್ ಹೆಚ್ಚಾಗದಂತೆ ತಡೆಯುವ ಝೀನರ್ ಡಯೋಡ್ ಎರಡರ ಕೆಲಸವನ್ನೂ ಇಂದು ಒಂದೇ ರೆಗ್ಯುಲೇಟರ್ ಮಾಡುತ್ತದೆ. ಹೆಡ್‌ಲೈಟಿನ ಕೆಳಗಿನ ಝೀನರ್‌ನ ಶಾಖ ಹೊರಹಾಕುವ ರೆಕ್ಕೆಯ ತುಂಡನ್ನು ಮಾತ್ರ, ವಯರ್ ಕಿತ್ತು, ಅಲ್ಲಿಯೇ ಬಿಡಿ. ಅದಿಲ್ಲದ ಬೊನೆವಿಲ್ ಮುಖ ಬೋಳು.

ಚಾಸಿ, ಬ್ರೇಕ್

ಹಳೆಯ ಬ್ರೇಕ್ ಶೂಗಳ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಹೆಚ್ಚು. ಡ್ರಮ್ಮಿಗೆ ಗಾಳಿ ಹೊಡೆಯಬಾರದು. ಮಾಸ್ಕ್ ಧರಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಡಬೇಕು. ಹ್ಯಾಂಡಲಿನ ಬುಡದ ಬಿಡಿ ಗುಂಡುಗಳಿಗೆ ಬದಲು ಟೇಪರ್ ರೋಲರ್ ಬೇರಿಂಗ್ ಹಾಕಿಸಿದರೆ ಲಾಭ. ಚಕ್ರಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿಗಳೂ ಚೆನ್ನ. ಆದರೆ ಬ್ರೇಕ್ ಹಿಡಿಯುವ ಬೋಲ್ಟು, ಚಕ್ರದ ಸ್ಪಿಂಡಲ್ ಇವುಗಳಿಗೆ ಅಂಗಡಿಯ ಸಾಮಾನ್ಯ ಸ್ಟೇನ್‌ಲೆಸ್ ಸ್ಟೀಲ್ ಬೇಡ; ಹೊಳೆಯುತ್ತದೆ, ಆದರೆ ಅಲ್ಲಿ ಬೇಕಾದ ಬಲ ಅದಕ್ಕಿಲ್ಲ.

ಮೊದಲ ಕಿಕ್

ಸತುವಿನ ಅಂಶ ಹೆಚ್ಚಿರುವ 20ಡಬ್ಲ್ಯೂ-50 ಆಯಿಲ್ ತುಂಬಿ, ಪ್ಲಗ್ ಬಿಚ್ಚಿಟ್ಟು, ಟ್ಯಾಂಕಿನೊಳಗೆ ಆಯಿಲ್ ಮರಳಿ ಬೀಳುವುದು ಕಾಣುವವರೆಗೂ ಕಿಕ್ ಹೊಡೆಯುತ್ತಿರಬೇಕು. ತಣ್ಣಗಿರುವಾಗ ಟ್ಯಾಪೆಟ್ ಸಂದು ಇನ್‌ಲೆಟ್‌ಗೆ 0.002 ಇಂಚು, ಎಕ್ಸಾಸ್ಟ್‌ಗೆ 0.004 ಇಂಚು. ಸ್ಟಾರ್ಟ್ ಆದೊಡನೆ ಆಯಿಲ್ ಮರಳುತ್ತಿದೆಯೇ ಎಂದು ಮತ್ತೊಮ್ಮೆ ನೋಡಿ. ಆ ಬಳಿಕ ಸ್ಟ್ರೋಬ್ ದೀಪ ಹಿಡಿದು, ಪೂರ್ತಿ ಅಡ್ವಾನ್ಸಿನಲ್ಲಿ ಟೈಮಿಂಗ್ 38 ಡಿಗ್ರಿ ಬರುವಂತೆ ಇಗ್ನಿಷನ್ ತಟ್ಟೆಯನ್ನು ಹೊಂದಿಸಿ. ಗಾಡಿಯನ್ನು ನಿಲ್ಲಿಸಿ ರಾತ್ರಿಯಿಡೀ ತಣ್ಣಗಾಗಲು ಬಿಡಬೇಕು. ಮರುದಿನ ಬೆಳಿಗ್ಗೆ ಹೆಡ್ ಬೋಲ್ಟುಗಳನ್ನು ಅದೇ ಕ್ರಮದಲ್ಲಿ ಮತ್ತೆ ಬಿಗಿದು, ಟ್ಯಾಪೆಟ್ ಸಂದನ್ನು ಮತ್ತೆ ನೋಡಿದ ಮೇಲೆಯೇ ರಸ್ತೆಗೆ ಇಳಿಸಬೇಕು. ಮೊದಲ 400 ಕಿಲೊಮೀಟರ್ ಆದೊಡನೆ ಆಯಿಲನ್ನೂ ಫಿಲ್ಟರನ್ನೂ ಬದಲಿಸಬೇಕು.